ತೆಲಿದಿಂಬು ಡಿಕ್ಕಿಗೆ ಹೋದ ಕಥಿ

ನಮ್ಮ ಕಾರಿನ ಹಿಂದಿನ ಸೀಟು ನೋಡಿದೋರೆಲ್ಲಾ ಕೇಳೋದು ಒಂದೇ ಮಾತು, ಬಲಕ್ಕ ಹೆಡ್‌ರೆಸ್ಟ್ ಐತಿ ಎಡಕ್ಕ ಯಾಕಿಲ್ಲ, ಮುರೀತೇನು ಅಂತ. ಮುರದಿಲ್ರಿ, ಬೇಕಂತನ ತಗದೀನಿ. ಬಲಕ್ಕ ಇರೋದನ್ನೂ ಬೇಕಂತನ ಇಟ್ಟೀನಿ. ಇಷ್ಟು ತಿಳ್ಕೊಳ್ಳೋದಕ್ಕ ನನಗ ಎರಡು ವರ್ಷ ಹಿಡೀತು, ಅದಕ್ಕ ಬರೀತಿದೀನಿ.

ಶುರು ಹೆಂಗಾತಂದ್ರ, ಸಣ್ಣಾಕಿಗೆ ಎರಡು ವರ್ಷ ತುಂಬಿದ ಮ್ಯಾಲೆ ಮುಂದ ಮುಖ ಮಾಡಿ ಕುಂದ್ರೋ ಮಕ್ಕಳ ಸೀಟು ತಂದ್ವಿ, 9ರಿಂದ 18 ಕೆಜಿ ಅಂತ ಸ್ಟಿಕರ್ ಇತ್ತು. ನಾವಿರೋದು ಕೊಪ್ಪಳ, ನಮ್ಮಾಕಿ ತವರು ಬಳ್ಳಾರಿ, ಹೊಸಪೇಟಿ ಮ್ಯಾಲೆ ಹಾದು ಹೋಗಬೇಕು, ಹತ್ರ ಹತ್ರ ನೂರು ಕಿಲೋಮೀಟರ್, ತಿಂಗಳಿಗೆ ಒಮ್ಮೆರ ಆಗೇ ಆಗ್ತೈತಿ. ಕೂಸನ್ನ ತೊಡಿ ಮ್ಯಾಲೆ ಇಟ್ಕೊಂಡು ಅದೆಷ್ಟು ದಿನ ಅಂತ ಸೀಟು ತಂದಿದ್ದು. ಅಂಗಡಿ ಹುಡುಗನ ಕೂಡಿಸಿ ಕೊಟ್ಟ. ಮನಿಗೆ ಬಂದು ನೋಡ್ತೀನಿ, ಮಕ್ಕಳ ಸೀಟಿನ ಬೆನ್ನು ಕಾರಿನ ಸೀಟಿಗೆ ಹತ್ತೇ ಇಲ್ಲ. ಮ್ಯಾಲೆ ಕಾರಿನ ಹೆಡ್‌ರೆಸ್ಟ್ ಉಬ್ಬಿ ನಿಂತು ಅದನ್ನ ಮುಂದಕ್ಕ ನೂಕೈತಿ, ಸೀಟಿನ ಹಿಂದ ನನ್ನ ಮೂರು ಬೆರಳು ಆರಾಮ ಹೋಗ್ತಿದ್ವು. ಫೋನ್ ಮಾಡಿದ್ರ "ಹಂಗ ಇರ್ತೈತಿ ಸಾರ್, ಬೆಲ್ಟ್ ಜಗ್ಗಿ ಬಿಗೀರಿ ಸಾಕು" ಅಂದ. ಜಗ್ಗಿ ಬಿಗದೆ. ಒಂದು ಸಲ ಹೋಗಿ ಬರೋದ್ರಾಗ ಮತ್ತ ಸಡಿಲ.

ಆಮೇಲೆ ಪುಸ್ತಕ ತಗದೆ. ಸೀಟಿನದೊಂದು ಪುಸ್ತಕ, ಕಾರಿಂದೊಂದು, ಗ್ಲೋವ್ ಬಾಕ್ಸಿನಾಗ ಪ್ಲಾಸ್ಟಿಕ್ ಕವರ್ ಸೈತ ಬಿಚ್ಚಿರಲಿಲ್ಲ. ಎರಡರಾಗೂ ಬರದಿತ್ತು, ಮಕ್ಕಳ ಸೀಟಿಗೆ ಅಡ್ಡ ಬಂದ್ರ ಕಾರಿನ ಹೆಡ್‌ರೆಸ್ಟ್ ತಗೀರಿ ಅಂತ. ಎಲ್ಲಾ ಸೀಟಿಗೂ ಇದ ರೂಲ್ ಅನ್ಕೋಬ್ಯಾಡ್ರಿ, ಹೆಡ್‌ರೆಸ್ಟ್ ಇರಲೇಬೇಕು ಅನ್ನೋ ಸೀಟೂ ಅದಾವು, ನಿಮ್ಮ ಪುಸ್ತಕ ನೀವು ಓದ್ರಿ.

ತಗಿಯೋದು ದೊಡ್ಡ ಕೆಲಸಲ್ಲ ಅನ್ಕೊಂಡಿದ್ದೆ. ಎರಡು ಸರಳು ಒಳಗ ಇಳಿಯೋ ಜಾಗದಾಗ ಪ್ಲಾಸ್ಟಿಕ್ ಬಳಿ ಇರ್ತಾವು, ಅದರಾಗ ಒಂದಕ್ಕ ಬಟನ್. ಬಟನ್ ಒತ್ತಿ ಎತ್ತಿದ್ರ ಅರ್ಧ ಮ್ಯಾಲೆ ಬಂದು ನಿಂತೇಬಿಡ್ತು, ಕಾರಿನ ಚಾವಣಿಗೆ ಬಡಿಯಾಕ ಹತ್ತಿತು. ಹದಿನೈದು ನಿಮಿಷ ಗುದ್ದಾಡಿದ ಮ್ಯಾಲೆ ಹೊಳೀತು, ಮೊದಲು ಸೀಟಿನ ಬೆನ್ನು ಮುಂದಕ್ಕ ಮಡಚಬೇಕು, ಆಮೇಲೆ ಎಳೀಬೇಕು. ಕೆಲವು ಕಾರಿನಾಗ ಇನ್ನೊಂದು ಬಳಿಗೆ ಸೂಜಿ ತೂತು ಇರ್ತೈತಿ, ಪಿನ್ ಚುಚ್ಚಬೇಕು. ಬೇಸ್ ಮಾಡೆಲ್‌ನಾಗ ಎಷ್ಟೋ ಕಡೆ ಹೆಡ್‌ರೆಸ್ಟ್ ಸೀಟಿಗೇ ಅಂಟಿ ಬಂದಿರ್ತೈತಿ, ಅದನ್ನ ತಗಿಯೋ ಮಾತೇ ಇಲ್ಲ, ಬ್ಯಾರೆ ಜಾಗ ಇಲ್ಲಾ ಬ್ಯಾರೆ ಸೀಟು ನೋಡಬೇಕು. (ಹೆಡ್‌ರೆಸ್ಟ್ ಕಳಚೋ ಹಂಗ ಮಾಡಿರೋದೇ ಕಾರು ನೀರಿಗೆ ಬಿದ್ರ ಗ್ಲಾಸ್ ಒಡಿಯಾಕ ಅಂತ ವಾಟ್ಸಾಪ್‌ನಾಗ ವರ್ಷಕ್ಕೆರಡು ಸಲ ಬರ್ತೈತಿ, ನಮ್ಮ ಮಾವನೂ ಕಳಿಸಿದ್ರು. ಅದು ಸುಳ್ಳು.)

ತಗದ ಮ್ಯಾಲೆ ಸೀಟು ಗೋಡಿಗೆ ಬೀರು ಆನಿಸಿದಂಗ ಕುಂತುಬಿಡ್ತು. ಬೆಲ್ಟ್ ಹಾಯೋ ಜಾಗದಾಗ ಹಿಡದು ಅಲ್ಲಾಡಿಸಿದ್ರ ಒಂದು ಇಂಚಿಗಿಂತ ಜಾಸ್ತಿ ಸರೀಬಾರದು ಅಂತಾರ, ನಮ್ಮದು ಅರ್ಧ ಇಂಚೂ ಸರೀಲಿಲ್ಲ.

ಖುಷಿ ಆದ ಭರದಾಗ ತಗದಿದ್ದನ್ನ ಹಿಂದ ಗ್ಲಾಸಿನ ಹತ್ರ ಟ್ರೇ ಮ್ಯಾಲೆ ಒಗದು ಮರ್ತೆ. ಎರಡು ವಾರ ಅಲ್ಲೇ ಇತ್ತು. ಬಳ್ಳಾರಿಯಿಂದ ವಾಪಸ್ ಬರೋವಾಗ ತೋರಣಗಲ್ ಹತ್ರ ಮುಂದಿನ ಲಾರಿ ಗಕ್ಕನ ನಿಂತು, ನಾನೂ ಬ್ರೇಕ್ ತುಳದೆ, ಆ ಹೆಡ್‌ರೆಸ್ಟ್ ಮಕ್ಕಳಿಬ್ಬರ ನಡುವ ಹಾರಿ ಬಂದು ನನ್ನ ಮೊಣಕೈಗೆ ಬಡದು ಗೇರ್ ಹತ್ರ ಬಿತ್ತು. ಹೊರಗ ಮೆತ್ತಗಿದ್ರೂ ಒಳಗ ಇರೋದು ಕಬ್ಬಿಣದ ಸರಳ್ರೀ. ಒಂದು ಗೇಣು ಆಕಡೆ ಬಂದಿದ್ರ ಸಣ್ಣಾಕಿ ತೆಲಿ. ಹೊಸಪೇಟಿ ಬರೋವರೆಗೂ ಕಾರಿನಾಗ ಯಾರೂ ಮಾತಾಡಲಿಲ್ಲ. ಅವತ್ತಿಂದ ಅದು ಡಿಕ್ಕಿಯಾಗ, ಅಕ್ಕಿ ಚೀಲದಾಗ ಸುತ್ತಿ ಸ್ಟೆಪ್ನಿ ಹತ್ರ ಸಿಕ್ಕಿಸಿ ಇಟ್ಟೀನಿ.

ಬಲಗಡೆ ದೊಡ್ಡಾವಂದು. ಅವಂಗ 9 ವರ್ಷ, ಬೆನ್ನಿಲ್ಲದ ಬೂಸ್ಟರ್, ಅಂದ್ರ ಬರೇ ಮಣಿ ಇದ್ದಂಗ, ಕೂಸನ್ನ ಎತ್ತರ ಮಾಡಿ ಕಾರಿನ ಬೆಲ್ಟು ಕುತ್ತಿಗಿ ಬಿಟ್ಟು ಭುಜದ ಮ್ಯಾಲೆ ಬರೋಹಂಗ ಮಾಡ್ತೈತಿ, ಅಷ್ಟ. ತೆಲಿ ಹಿಂದ ಅದಕ್ಕ ಏನೂ ಇಲ್ಲ. ಒಂದು ಕಡೆ ತಗದಿದ್ದು ಒಳ್ಳೇದಾತು ಅಂತ ನಾನು ಶಾಣ್ಯಾತನ ಮಾಡಿ ಆಕಡಿದೂ ತಗಿಯಾಕ ಹೋಗಿದ್ದೆ, ಸೀಟು ಮಡಚೂ ಬಿಟ್ಟಿದ್ದೆ, ನಮ್ಮಾಕಿ "ಅವನ ಕುತ್ತಿಗಿಗೆ ಏನು ಐತಿ ಮತ್ತ?" ಅಂದ್ಲು. ಖರೇನ. ಹಿಂದಿಂದ ಯಾರಾದ್ರೂ ಗುದ್ದಿದ್ರ ಮೈ ಸೀಟಿನ ಜೊತಿ ಮುಂದ ಹೋಗ್ತೈತಿ, ತೆಲಿ ಹಿಂದ ಉಳೀತೈತಿ, ಕುತ್ತಿಗಿ ಬಾರಕೋಲಿನಂಗ ಬಾಗ್ತೈತಿ. ಅದನ್ನ ಹಿಡಿಯಾಕನ ಹೆಡ್‌ರೆಸ್ಟ್ ಇರೋದು. ಅಮೆರಿಕಾದಾಗ 1969ರಿಂದ ಹೊಸ ಕಾರಿನ ಮುಂದಿನ ಸೀಟಿಗೆ ಕಡ್ಡಾಯ ಮಾಡಿದ್ದೂ ಇದಕ್ಕ. ಹಂಗಾಗಿ ಬಲಗಡೆ ಹೆಡ್‌ರೆಸ್ಟ್ ಅವನ ಕಿವಿ ಮ್ಯಾಲಿನ ಮಟ್ಟಕ್ಕ ಎತ್ತಿ ಲಾಕ್ ಮಾಡೀನಿ. ಮೊದಲು ಅದು ಕೆಳಗ ಒತ್ತಿದಂಗ ಇತ್ತು, ಅವನ ಬೆನ್ನಿಗೆ ಬಡೀತಿತ್ತು.

ನಮ್ಮವ್ವಗ ಇದೆಲ್ಲಾ ಹೇಳಿದ್ರ ತಿಳೀತಿರಲಿಲ್ಲ, ಆಕಿ ಅದನ್ನ ಕರಿಯೋದೇ ತೆಲಿದಿಂಬು ಅಂತ. "ಕೂಸಿನ ತೆಲಿದಿಂಬು ತಗದಿಯಲ್ಲೋ, ಮಲಗಿದ್ರ ಹೆಂಗ?" ಒಮ್ಮೆ ಹುಲಿಗಿಗೆ ಹೊಂಟಾಗ ಸಣ್ಣಾಕಿ ನಿದ್ದಿಗೆ ಜಾರಿ ತೆಲಿ ಮುಂದ ಜೋತುಬಿದ್ದಿತ್ತು, ಕನ್ನಡಿಯಾಗ ನೋಡ್ತೀನಿ, ಅವ್ವ ಟವೆಲ್ ಮಡಚಿ ಕೂಸಿನ ಹಣಿಗೆ ಹಾಕಿ ಸೀಟಿನ ಹಿಂದಕ್ಕ ಗಂಟು ಹಾಕಾಕ ಹತ್ಯಾಳ! ಗಾಡಿ ಸೈಡಿಗೆ ಹಾಕಿ ಬಿಚ್ಚಿಸಿದೆ. ಮೈ ಮುಂದ ಹೋಗಿ ತೆಲಿ ಹಿಂದ ಕಟ್ಟಿದಂಗಿದ್ರ ಏನಾಗ್ತೈತಿ ಅಂತ ಕೈಯಾಗ ತೋರಿಸಿದ ಮ್ಯಾಲೆ ಆಕಿ ಸುಮ್ಮನಾದ್ಲು, ಸಿಟ್ಟೂ ಮಾಡ್ಕೊಂಡ್ಲು. ಬೆನ್ನಿನ ಹಿಂದ ದುಪ್ಪಟಿ ತುರುಕೋದೂ ಬ್ಯಾಡ, ಬೆಲ್ಟ್ ಸಡಿಲ ಬೀಳ್ತೈತಿ. ಸೀಟು ಸ್ವಲ್ಪ ಹಿಂದಕ್ಕ ವಾಲಿಸೋ ಹಿಡಿಕಿ ಇದ್ರ ಅದನ್ನ ಬಳಸಬೇಕು.

ಮಕ್ಕಳ ಸೀಟಿಗೂ ಅದರದೇ ಹೆಡ್‌ರೆಸ್ಟ್ ಇರ್ತೈತಲ್ಲ, ಅದನ್ನ ಮಾತ್ರ ಕಳಚಾಕ ಹೋಗಬ್ಯಾಡ್ರಿ, ಅದು ಸೀಟಿನ ಭಾಗನ. ನಮ್ಮದ್ರಾಗ ಅದನ್ನ ಎತ್ತಿದ್ರ ಭುಜದ ಬೆಲ್ಟೂ ಜೊತಿಗೇ ಏರ್ತೈತಿ. ಮುಂದ ಮುಖ ಮಾಡಿದ ಸೀಟಿನಾಗ ಬೆಲ್ಟು ಭುಜದ ಸಮ ಇಲ್ಲಾ ಒಂಚೂರು ಮ್ಯಾಲಿಂದ ಬರಬೇಕು, ಹಿಂದ ಮುಖ ಮಾಡಿದ ಸಣ್ಣ ಕೂಸಿಗೆ ಸಮ ಇಲ್ಲಾ ಕೆಳಗಿಂದ. ಆರು ತಿಂಗಳಿಗೊಮ್ಮೆ ನೋಡಿದ್ರ ಸಾಕು, ನಾನು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನೋಡ್ತೀನಿ. 14 ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲಾ ಮಕ್ಕಳ ಸೀಟು ಇಲ್ಲಂದ್ರ ಸಾವಿರ ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಾಗ ಬಂದೈತಿ, ನಮ್ಮ ಕಡೆ ಯಾರೂ ನಿಲ್ಲಿಸಿ ಕೇಳಿದ್ದು ನಾನಂತೂ ನೋಡಿಲ್ಲ.

ಮಾವ ಅತ್ತಿ ಬಂದು ಎಡಗಡೆ ಕುಂದ್ರೋ ದಿನ ಸೀಟು ಇಳಿಸಿ ಹೆಡ್‌ರೆಸ್ಟ್ ಮತ್ತ ಸಿಕ್ಕಿಸಬೇಕು, ದೊಡ್ಡೋರಿಗೂ ಕುತ್ತಿಗಿ ಐತಲ್ಲ. ಅದ ಈಗಿನ ತಾಪತ್ರಯ. ನಮ್ಮ ರೋಡಿನ ಕೆಂಪು ಧೂಳು ಆ ಎರಡು ತೂತಿನಾಗ ಇಳದು ಸರಳು ಒಳಗ ಹೋಗವಲ್ದು, ಹೋದ್ರ ಕರ್ ಅಂತೈತಿ. ಧೂಳು ಬೀಳದಂಗ ಟೇಪ್ ಹಚ್ಚಿದ್ದೆ, ಬ್ಯಾಸಗಿ ಬಿಸಿಲಿಗೆ ಅದರ ಗೋಂದು ಕರಗಿ ಇನ್ನಷ್ಟು ಜಿಗಟಾತು. ಈಗ ಎರಡು ಬಾಟಲಿ ಮುಚ್ಚಳ ಕೊರದು ಕುಂದ್ರಿಸೀನಿ, ದೊಡ್ಡಾವ ಕೊರದು ಕೊಟ್ಟಿದ್ದು, ಒಂದು ಹಸಿರು ಒಂದು ನೀಲಿ.