ತೆಕಾಂಗ್ ದ್ವೀಪಕ್ಕೆ ಹೋಗಿಬಂದ ದಿನ

ತಮ್ಮನ ಮಗ ಸಿಂಗಪುರದ ಸೈನ್ಯಕ್ಕೆ ಸೇರುವ ದಿನ ಅವನ ಜೊತೆಗಿರಬೇಕೆಂಬ ಒಂದೇ ಕಾರಣಕ್ಕೆ ನಾನು ಆ ಊರಿಗೆ ಹೊರಟೆ. ಬೆಂಗಳೂರಿನ ಎಂ.ಇ.ಜಿ.ಯಲ್ಲಿ, ಅಂದರೆ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯಲ್ಲಿ, 24 ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು ನಾನು. ಭರ್ತಿಯ ಸಾಲಿನಲ್ಲಿ ನಿಲ್ಲೆಂದು ನನಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಈ ಹುಡುಗನಿಗೆ ಮಾತ್ರ ಆಜ್ಞೆಯೇ ಬಂದಿತ್ತು. ಎಂಜಿನಿಯರನಾಗಿ ಹೋಗಿ ಅಲ್ಲಿನ ಕಾಯಂ ನಿವಾಸಿಯಾದ ನನ್ನ ತಮ್ಮನಿಗೆ ಮೊದಲ ತಲೆಮಾರಿನವನೆಂದು ವಿನಾಯಿತಿಯಿದೆ. ಅವನ ಮೂಲಕ ಕಾಯಂ ನಿವಾಸದ ಹಕ್ಕು ಪಡೆದ ಮಗ, ಭಾರತದ ಪಾಸ್‌ಪೋರ್ಟ್ ಹೊಂದಿದ್ದರೂ, ಎರಡು ವರ್ಷ ಬಂದೂಕು ಹಿಡಿಯಲೇಬೇಕು. ಸೇವೆ ಮಾಡದೆ ಆ ಹಕ್ಕನ್ನು ಬಿಟ್ಟುಕೊಟ್ಟರೆ ಮುಂದೆ ಅಲ್ಲಿ ಓದಲು ಅಥವಾ ಕೆಲಸಕ್ಕೆ ಸೇರಲು ಅನುಮತಿ ಸಿಗುವುದು ಕಷ್ಟವಾಗುತ್ತದೆ.

1965ರಲ್ಲಿ ಮಲೇಷಿಯಾದಿಂದ ಬೇರ್ಪಟ್ಟಾಗ ಆ ಪುಟ್ಟ ದೇಶಕ್ಕೆ ಹೇಳಿಕೊಳ್ಳುವಂಥ ಸೈನ್ಯವೇ ಇರಲಿಲ್ಲ. 1967ರಲ್ಲಿ ಕಡ್ಡಾಯ ಸೇನಾಸೇವೆಯನ್ನು ಜಾರಿಗೆ ತಂದರು. ವಿಚಿತ್ರವೆಂದರೆ, ಗಂಡುಮಕ್ಕಳೆಲ್ಲ ಸೈನ್ಯಕ್ಕೆ ಬೇಕೆಂದ ಆ ಸರ್ಕಾರವೇ ಅದೇ ಕಾಲದಲ್ಲಿ ಮಕ್ಕಳನ್ನು ಕಡಿಮೆ ಮಾಡಿಕೊಳ್ಳಿರೆಂದೂ ಕೇಳುತ್ತಿತ್ತು. ತಮ್ಮನ ಪಕ್ಕದ ಫ್ಲ್ಯಾಟಿನ ತಮಿಳು ಅಜ್ಜಿಯೊಬ್ಬರು 'ಎರಡಕ್ಕೇ ಸಾಕು' ಎಂಬ 1972ರ ಪ್ರಚಾರವನ್ನು ನೆನಪಿಸಿಕೊಂಡರು. ಮಕ್ಕಳು ಹೆಚ್ಚಾದಂತೆ ಹೆರಿಗೆಯ ಶುಲ್ಕವೂ ಹೆಚ್ಚುತ್ತಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮಕ್ಕಳಿಗೆ ಶಾಲೆಯಲ್ಲಿ ಆದ್ಯತೆಯಿತ್ತು. 1987ರ ಹೊತ್ತಿಗೆ ಮಾತು ತಿರುಗಿ, ಸಾಕುವ ಶಕ್ತಿಯಿದ್ದವರು ಮೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳನ್ನು ಹೆರಬಹುದೆಂದಾಯಿತು. 2001ರಿಂದ ಮಗು ಹುಟ್ಟಿದರೆ ಹಣವನ್ನೇ ಕೊಡತೊಡಗಿದರು. ಆದರೂ 2023ರಲ್ಲಿ ಅಲ್ಲಿನ ಫಲವಂತಿಕೆಯ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 0.97ಕ್ಕೆ ಇಳಿದಿತ್ತು. "ಆಗ ಬೇಡವೆಂದರು, ಬಿಟ್ಟೆವು. ಈಗ ಬೇಕೆಂದರೆ ನನ್ನ ಸೊಸೆ ಎಲ್ಲಿಂದ ತರಬೇಕು?" ಎಂದು ಅಜ್ಜಿ ಕೇಳಿದಾಗ ಅವರ ದನಿಯಲ್ಲಿ ನೋವಿತ್ತು. 'ನಾವಿಬ್ಬರು ನಮಗಿಬ್ಬರು' ಎಂಬ ಗೋಡೆಬರಹದ ನಡುವೆ ಬೆಳೆದ ನಾನು ಸುಮ್ಮನೆ ಕೇಳಿಸಿಕೊಂಡೆ. ನಮ್ಮ ಕರ್ನಾಟಕದ ದರವೂ 2019-21ರ ಸಮೀಕ್ಷೆಯ ಹೊತ್ತಿಗೆ 1.7ಕ್ಕೆ ಬಂದಿತ್ತು.

ಹುಟ್ಟದ ಮಕ್ಕಳ ಜಾಗವನ್ನು ತುಂಬುವವರು ಹೊರಗಿನಿಂದ ಬಂದವರು. 2024ರಲ್ಲಿ ಅಲ್ಲಿದ್ದ 60.4 ಲಕ್ಷ ಜನರಲ್ಲಿ 18.6 ಲಕ್ಷ ಜನ ಪೌರರೂ ಅಲ್ಲದ, ಕಾಯಂ ನಿವಾಸಿಗಳೂ ಅಲ್ಲದ ವಿದೇಶಿಯರು. ಭಾನುವಾರ ಸಂಜೆ ಲಿಟಲ್ ಇಂಡಿಯಾದ ಪಕ್ಕದ ಫ್ಯಾರರ್ ಪಾರ್ಕ್‌ನ ಹುಲ್ಲಿನ ಮೇಲೆ ಕೂತಿದ್ದ ಪುದುಕೋಟೆಯ ಕಾರ್ಮಿಕನೊಬ್ಬನೊಂದಿಗೆ, ಪಡೆಯಲ್ಲಿ ಕಲಿತ ತಮಿಳಿನಲ್ಲಿ ಮಾತಾಡಿದೆ. ಅವನು ಹದಿನಾಲ್ಕು ವರ್ಷಗಳಿಂದ ರೈಲು ಸುರಂಗ ತೋಡುತ್ತಿದ್ದಾನೆ. ವರ್ಕ್ ಪರ್ಮಿಟ್ ಇರುವವನು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಕಾಯಂ ನಿವಾಸಕ್ಕೆ ಅರ್ಜಿ ಹಾಕುವಂತಿಲ್ಲ, ಅಲ್ಲಿಯವರನ್ನು ಮದುವೆಯಾಗಬೇಕೆಂದರೂ ಸರ್ಕಾರದ ಒಪ್ಪಿಗೆ ಬೇಕು. ಸೇತುವೆ ಕಟ್ಟುವುದನ್ನೂ ದಾರಿ ಮಾಡುವುದನ್ನೂ ಕಸುಬಾಗಿ ಕಲಿತ ಸ್ಯಾಪರ್ ನಾನು. ನಮ್ಮ ಪಡೆಯಲ್ಲಿ ಆ ಕೆಲಸಕ್ಕೇ ಪದಕ ಕೊಡುತ್ತಾರೆ. ಬಂದೂಕು ಹಿಡಿದವನ ಎರಡು ವರ್ಷ ಲೆಕ್ಕಕ್ಕೆ ಬಂದು, ಸುರಂಗ ತೋಡಿದವನ ಹದಿನಾಲ್ಕು ವರ್ಷ ಬಾರದಿರುವುದನ್ನು ನನಗೆ ಒಪ್ಪಲಾಗುವುದಿಲ್ಲ. ಚಿಕ್ಕ ದ್ವೀಪಕ್ಕೆ ಎಲ್ಲರನ್ನೂ ಉಳಿಸಿಕೊಳ್ಳಲು ಆಗದೆಂಬ ತಮ್ಮನ ವಾದದಲ್ಲಿ ನಿಜವಿದೆ. ಆದರೂ ಇಷ್ಟು ವರ್ಷ ದುಡಿದವನಿಗೆ ಕನಿಷ್ಠ ಅರ್ಜಿ ಹಾಕುವ ಹಕ್ಕಾದರೂ ಇರಬೇಕು.

1942ರ ಫೆಬ್ರುವರಿ 15ರಂದು ಬ್ರಿಟಿಷರು ಶರಣಾದ ನಂತರ, ಸೆರೆಸಿಕ್ಕ ಭಾರತೀಯ ಸೈನಿಕರನ್ನು ಸೇರಿಸಿ ಜಪಾನೀಯರಿಗೆ ಒಪ್ಪಿಸಿದ್ದು ಇದೇ ಫ್ಯಾರರ್ ಪಾರ್ಕ್‌ನಲ್ಲಿ. ಅವರಲ್ಲಿ ಹಲವರು ಆಜಾದ್ ಹಿಂದ್ ಫೌಜ್ ಸೇರಿದರು, ಹಲವರು ಸೆರೆಯಲ್ಲೇ ಉಳಿದರು. ಮರುದಿನ ಕ್ರಾಂಜಿಯ ಯುದ್ಧ ಸ್ಮಾರಕಕ್ಕೆ ಹೋದಾಗ, 24,000ಕ್ಕೂ ಹೆಚ್ಚು ಹೆಸರುಗಳಿರುವ ಕಂಬಗಳಲ್ಲಿ ನಮ್ಮ ದೇಶದ ಸಿಪಾಯಿಗಳ ಸಾಲುಗಳನ್ನು ಬೆರಳಿಟ್ಟು ಓದಿದೆ. ತಮ್ಮದಲ್ಲದ ಮಣ್ಣನ್ನು ಕಾಯಲು ಬಂದವರು ಅವರೂ.

ಬುಧವಾರ ಚಾಂಗಿಯಿಂದ ಫೆರಿ ಹತ್ತಿ, ಹೊಸ ಸೈನಿಕರಿಗೆ ತರಬೇತಿ ಕೊಡುವ ಪುಲಾವ್ ತೆಕಾಂಗ್ ದ್ವೀಪಕ್ಕೆ ಹೋದೆವು. ಮನೆಯವರಿಗೂ ಬ್ಯಾರಕ್ ತೋರಿಸಿ, ಊಟದ ಮನೆಯಲ್ಲಿ ಮಕ್ಕಳ ಜೊತೆ ಕೂರಿಸಿ ಊಟ ಹಾಕುತ್ತಾರೆ. ನಾನು ಭರ್ತಿಯಾದಾಗ ಅಪ್ಪ ಹಾಸನದ ಬಸ್ ನಿಲ್ದಾಣದವರೆಗೆ ಮಾತ್ರ ಬಂದಿದ್ದರು. ತಮ್ಮನ ಹೆಂಡತಿ ಮಗನ ತಟ್ಟೆಗೆ ತನ್ನ ಪಾಲಿನ ಪಲ್ಯವನ್ನೂ ಬಡಿಸಿದಳು. ಹುಡುಗರು ಸಾಲಾಗಿ ನಿಂತು ಪ್ರತಿಜ್ಞೆ ಹೇಳುವಾಗ, ಚೀನೀ, ಮಲಯ, ತಮಿಳು ಮುಖಗಳ ನಡುವೆ ನಮ್ಮವನನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ದೊಡ್ಡಪ್ಪ, ಮೊದಲ ದಿನ ನಿಮಗೆ ಭಯವಾಗಿತ್ತಾ?" ಎಂದು ಬೀಳ್ಕೊಡುವಾಗ ಕೇಳಿದ.

"ಆಗಿತ್ತಪ್ಪ. ಮೊದಲ ವಾರ ಪೂರ್ತಿ ಆಗಿತ್ತು. ಕಾಲುಚೀಲ ಒದ್ದೆಯಾದರೆ ತಡಮಾಡದೆ ಬದಲಿಸು, ಪಾದ ಕೆಟ್ಟರೆ ನಡೆಯಲಾಗುವುದಿಲ್ಲ" ಎಂದೆ. ಅವನು ತಲೆಯಾಡಿಸಿ, ಹೆಗಲಿಗೆ ಚೀಲವೇರಿಸಿಕೊಂಡು ತನ್ನ ತಂಡದ ಕಡೆಗೆ ನಡೆದ.