ಮರದ ಮೊಟ್ಟೆ, ಚೂಪು ಚಾಕು, ಸ್ವಲ್ಪ ಧೈರ್ಯ

ಮರದ ಮೊಟ್ಟೆ ಮೇಲೆ ಚಿಪ್ ಕಾರ್ವಿಂಗ್ (ಚಾಕುವಿಂದ ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ಡಿಸೈನ್ ಕೆತ್ತೋದು) ಮಾಡೋವಾಗ ಕೈಗಿಂತ ಮೊದ್ಲು ಗಲಿಬಿಲಿ ಆಗೋದು ತಲೆನೇ, ಯಾಕಂದ್ರೆ ಚಪ್ಪಟೆ ಹಲಗೆ ಥರ ಇದು ಒಂದ್ಕಡೆ ನಿಲ್ಲಲ್ಲ, ತಿರುಗಿಸ್ತಾ ಹೋದಂಗೆ ಮರದ ಎಳೆ ದಿಕ್ಕೂ ಬದಲಾಗುತ್ತೆ. ನಾನಂತೂ ಇಡೀ ಡಿಸೈನ್ ನೋಡೋದೇ ಇಲ್ಲ, ಮುಂದಿರೋ ಒಂದು ತ್ರಿಕೋನ ಅಷ್ಟೇ. ಹೆಬ್ಬೆರಳು ಮರಕ್ಕೆ ಊರಿ, ಚಾಕುನ ಮರದ ಮೈಗೆ ಸುಮಾರು 65 ಡಿಗ್ರಿ ಕೋನದಲ್ಲಿ ವಾಲಿಸಿ ಮೂರು ಕಡೆಯಿಂದ ಕೊಯ್ದ್ರೆ ಚಕ್ಕೆ ಟಪ್ ಅಂತ ತಾನೇ ಎದ್ದು ಬರ್ಬೇಕು. ಬರ್ಲಿಲ್ವಾ, ಮೀಟೋಕೆ ಹೋಗ್ಬೇಡಿ, ಅದೇ ಗೆರೆ ಮೇಲೆ ಇನ್ನೊಂದ್ಸಲ ಕೊಯ್ಯಿರಿ. ಮೊಟ್ಟೆ ತುದಿ ಹತ್ರ ಎಳೆಗಳ ಕೊನೆ ಎದುರಾಗೋದ್ರಿಂದ ಕೊಯ್ಯೋದು ಕಷ್ಟ, ಅಲ್ಲಿ ಜೋರು ಹಾಕೋ ಬದ್ಲು ಅಲಗನ್ನ ಚರ್ಮದ ಪಟ್ಟಿ ಮೇಲೆ ಉಜ್ಜಿ (ಅರ್ಧ ಧೈರ್ಯ ಬರೋದೇ ಚೂಪಿಂದ). ಗೆರೆ ಕೂದಲೆಳೆಯಷ್ಟು ಜಾರಿದ್ರೂ ಪರ್ವಾಗಿಲ್ಲ, ಮೊಟ್ಟೆನ ಎಲ್ಲಾ ಕಡೆಯಿಂದ ಒಟ್ಟಿಗೆ ನೋಡೋಕೆ ಯಾರಿಂದ್ಲೂ ಆಗಲ್ಲ!