ಡೆನ್ವರಿನ ನಳಿಗೆ

ನನ್ನ ಕಬ್ಬಿಣದ ಕಪಾಟಿನಲ್ಲಿ ಬ್ಯಾಲಾರ್ಡ್ ಎಂಬ ಹಳೆಯ ಅಮೆರಿಕನ್ ಗುರಿ ಕೋವಿಯೊಂದಿದೆ. ತೂಕ ಸುಮಾರು ಆರು ಕಿಲೋ. ಅದರ ಮೈಯ ಮೇಲೆ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿದ್ದ ಮಾರ್ಲಿನ್ ಕಾರ್ಖಾನೆಯ ಹೆಸರಿದ್ದು, ನೋಡಿದವರೆಲ್ಲರೂ ಮೊದಲು ಓದುವುದು ಅದನ್ನೇ. ನಾನು ಮಾತ್ರ ಅವರ ಕೈಯಿಂದ ಕೋವಿಯನ್ನು ತೆಗೆದುಕೊಂಡು, ಬೆಳಕಿಗೆ ಸ್ವಲ್ಪ ವಾರೆ ಮಾಡಿ, ನಳಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ತೋರಿಸುತ್ತೇನೆ. ಅಲ್ಲಿರುವುದು ಜಾರ್ಜ್ ಶೋಯೆನ್, ಡೆನ್ವರ್ ಎಂಬ ಹೆಸರು. ನಾರ್ವೆಯಲ್ಲಿ ಹುಟ್ಟಿ, ಕೊಲರಾಡೋದ ಡೆನ್ವರಿಗೆ ಬಂದು, ಅಲ್ಲಿ ಕಾರ್ಲೋಸ್ ಗೋವ್ ಎಂಬ ಕೋವಿ ಕೆಲಸಗಾರರ ಅಂಗಡಿಯಲ್ಲಿ ದುಡಿದು, ಆಮೇಲೆ ತಮ್ಮದೇ ಅಂಗಡಿ ತೆರೆದು, 1916ರಲ್ಲಿ ತೀರಿಕೊಂಡ ಮನುಷ್ಯ ಅವರು. ಕಾರ್ಖಾನೆ ಕೊಟ್ಟ ನಳಿಗೆಯನ್ನು ಕಳಚಿ ತಾವು ಕೊರೆದ ನಳಿಗೆಯನ್ನು ಅವರು ಕೂರಿಸಿದ ದಿನದಿಂದ ಇದು ಮಾರ್ಲಿನ್ ಕಂಪನಿಯ ಕೋವಿಯಾಗಿ ಉಳಿಯಲಿಲ್ಲ. ಅದು ಶೋಯೆನ್ನರ ಕೋವಿಯಾಯಿತು ಎಂದೇ ನಾನು ತಿಳಿದಿದ್ದೇನೆ.

ಹೀಗೆ ಯೋಚಿಸುವುದನ್ನು ನಾನು ಕಲಿತದ್ದು ಅಮೆರಿಕದಲ್ಲಲ್ಲ, ಕೊಡಗಿನಲ್ಲಿ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ನಮ್ಮ ಮನೆಯ ಕೋವಿಗಳನ್ನೆಲ್ಲ ಒರೆಸಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ಇಟ್ಟು, ಮೂತಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಿದ್ದರು. ಆ ಸಾಲಿನಲ್ಲಿ ಅಜ್ಜನ ಕೇಪಿನ ಕೋವಿಯೂ ಇರುತ್ತಿತ್ತು. ಅದರ ಮರ ಯಾವಾಗಲೋ ಸೀಳಿಹೋಗಿದ್ದರಿಂದ ಊರಿನ ಆಚಾರಿಯೊಬ್ಬರು ಬೀಟೆಯಲ್ಲಿ ಹೊಸ ಮರ ಕೆತ್ತಿ, ಅಜ್ಜನ ಕತ್ತಿನ ಉದ್ದಕ್ಕೂ ತೋಳಿನ ಅಳತೆಗೂ ಹೊಂದಿಸಿ ಕೊಟ್ಟಿದ್ದರು. ಅಜ್ಜ ಅದನ್ನು ಕೊನೆಯವರೆಗೂ "ಆಚಾರಿಯ ಕೋವಿ" ಎಂದೇ ಕರೆದರು. ನಳಿಗೆ ಎಲ್ಲಿಂದ ಬಂತು ಎಂದು ಅವರು ಒಮ್ಮೆಯೂ ಹೇಳಿದ ನೆನಪು ನನಗಿಲ್ಲ. ವಿಸ್ಕಾನ್ಸಿನ್ನಿಗೆ ಬಂದು ನೆಲೆಸಿ, ಇಲ್ಲಿಯ ಹಳೆಯ ಗುರಿ ಕೋವಿಗಳನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ನೆನಪಾದದ್ದು ಆ ಬೀಟೆಯ ಮರ.

ಈ ಕೋವಿಗಳನ್ನು ಇಲ್ಲಿ ಶೂಟ್ಸನ್ ರೈಫಲ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಮಾತಾಡುವ ನಾಡುಗಳಿಂದ ವಲಸೆ ಬಂದವರು ತಮ್ಮ ಹಾಡಿನ ಕೂಟ, ಕಸರತ್ತಿನ ಕೂಟಗಳ ಜೊತೆಗೆ ಗುರಿಕಾರರ ಕೂಟಗಳನ್ನೂ ತಂದರು. ಮಿಲ್ವಾಕಿ, ಸಿನ್ಸಿನಾಟಿ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ ಭಾನುವಾರ ಸಂಸಾರ ಸಮೇತ ಉದ್ಯಾನಕ್ಕೆ ಹೋಗಿ, ಊಟ ಸಂಗೀತಗಳ ನಡುವೆ 200 ಗಜ ದೂರದ ಗುರಿಗೆ ನಿಂತುಕೊಂಡೇ, ಯಾವ ಊರುಗೋಲೂ ಇಲ್ಲದೆ ಈಡು ಹೊಡೆಯುವುದು ಅವರ ಪದ್ಧತಿಯಾಗಿತ್ತು. ಗುರಿಹಲಗೆಯಲ್ಲಿ 25 ಸುತ್ತುಗಳು. ನಟ್ಟನಡುವಿನ ಸುತ್ತಿನ ವ್ಯಾಸ ಒಂದೂವರೆ ಅಂಗುಲ ಮಾತ್ರ. 200 ಗಜದಿಂದ ಬರಿಗಣ್ಣಿಗೆ ಅದು ಕಾಣುವುದೂ ಇಲ್ಲ. ನ್ಯೂಜೆರ್ಸಿಯ ಯೂನಿಯನ್ ಹಿಲ್‌ನಲ್ಲಿದ್ದ ಅಂಥದೊಂದು ಉದ್ಯಾನ ಎಷ್ಟು ಹೆಸರುವಾಸಿಯಾಗಿತ್ತೆಂದರೆ, ಮಾರ್ಲಿನ್ ಕಂಪನಿ ತನ್ನ ಬ್ಯಾಲಾರ್ಡ್ ಕೋವಿಯ ಒಂದು ಮಾದರಿಗೆ ಆ ಊರಿನ ಹೆಸರನ್ನೇ ಇಟ್ಟಿತು.

ನಿಂತು ಹೊಡೆಯುವವನಿಗೆ ಕೋವಿ ಅವನ ಮೈಗೇ ಹೊಲಿದ ಅಂಗಿಯಂತಿರಬೇಕು. ಕಾರ್ಖಾನೆಗಳು ಎಲ್ಲರಿಗೂ ಒಂದೇ ಅಳತೆಯಲ್ಲಿ ಮಾಡುತ್ತಿದ್ದುದರಿಂದ, ಗುರಿಕಾರರು ಬ್ಯಾಲಾರ್ಡ್ ಅಥವಾ ವಿಂಚೆಸ್ಟರ್ ಕಂಪನಿಯ 1885ರ ಮಾದರಿಯ ಮೈಯನ್ನು, ಅಂದರೆ ಟ್ರಿಗರ್ ಇರುವ ನಡುವಿನ ಲೋಹದ ಭಾಗವನ್ನು, ಕೊಂಡು ತಮ್ಮ ಸೀಮೆಯ ಕೆಲಸಗಾರನ ಬಳಿ ಒಯ್ಯುತ್ತಿದ್ದರು. ಅವನು ಹೊಸ ನಳಿಗೆ ಕೂರಿಸುತ್ತಿದ್ದ. ಕೆನ್ನೆ ಒರಗಲು ಎತ್ತರದ ದಿಂಬನ್ನು ಬಿಟ್ಟು ಆಕ್ರೋಟು ಮರವನ್ನು ಕೆತ್ತುತ್ತಿದ್ದ. ತೋಳಿಗೆ ಕಚ್ಚಿಕೊಳ್ಳುವ ಕೊಂಬಿನಂಥ ತಟ್ಟೆಯನ್ನು ಹಿಂದೆಯೂ, ಅಂಗೈಯಲ್ಲಿ ಹಿಡಿಯುವ ಗುಂಡನೆಯ ಹಿಡಿಯನ್ನು ಮುಂದೆ ಕೆಳಗೂ ಜೋಡಿಸುತ್ತಿದ್ದ. ಟ್ರಿಗರ್‌ಗಳು ಎರಡು: ಒಂದನ್ನು ಎಳೆದು ಸಜ್ಜು ಮಾಡಿದರೆ, ಇನ್ನೊಂದು ಬೆರಳಿನ ಸೋಕಿಗೇ ಬಿಡುಗಡೆಯಾಗುತ್ತದೆ. ಒಂದೊಂದು ಸೀಮೆಗೂ ಒಬ್ಬೊಬ್ಬ ಹೆಸರಾಂತ ಕೆಲಸಗಾರನಿದ್ದ. ಮಿಲ್ವಾಕಿಯಲ್ಲಿ ಜಾನ್ ಮ್ಯೂನಿಯೆ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಆಗಸ್ಟ್ ಜಿಶಾಂಗ್, ಡೆನ್ವರಿನಲ್ಲಿ ಶೋಯೆನ್, ಅವರ ನಂತರ ಆಕ್ಸೆಲ್ ಪೀಟರ್ಸನ್.

ಎಲ್ಲರಿಗಿಂತ ಹೆಚ್ಚು ಕೇಳಿಬರುವ ಹೆಸರು ಹ್ಯಾರಿ ಪೋಪ್ ಅವರದು. 1861ರಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್‌ನ ಎಂಐಟಿಯಲ್ಲಿ 1881ರಲ್ಲಿ ಪದವಿ ಪಡೆದು, ಹಾರ್ಟ್‌ಫರ್ಡ್‌ನ ಸೈಕಲ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ಬಿಡುವಿನಲ್ಲಿ ನಳಿಗೆ ಕೊರೆಯಲು ತೊಡಗಿದವರು ಅವರು. ಅವರ ನಳಿಗೆಯ ಒಳಗೆ, ಗುಂಡನ್ನು ತಿರುಗಿಸಿ ಬಿಡುವ ಎಂಟು ಗೀರುಗಳು ಎಡಕ್ಕೆ ಸುತ್ತುತ್ತವೆ. ಆ ಸುತ್ತು ಬುಡದಲ್ಲಿ ನಿಧಾನವಾಗಿದ್ದು ಮೂತಿಗೆ ಬಂದಂತೆ ಬಿಗಿಯಾಗುತ್ತದೆ. 1901ರಲ್ಲಿ ಸ್ಟೀವನ್ಸ್ ಎಂಬ ಕೋವಿ ಕಂಪನಿ ಅವರ ಉದ್ಯಮವನ್ನೇ ಕೊಂಡುಕೊಂಡಿತು. ಕೆಲವು ವರ್ಷಗಳ ನಂತರ ಅಲ್ಲಿಂದ ಹೊರಬಂದು ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದ ಬೆನ್ನಿಗೇ 1906ರ ಏಪ್ರಿಲ್ ಭೂಕಂಪ ಬಂದು ಎಲ್ಲವೂ ನಾಶವಾಯಿತು. ಮುಂದೆ ಜೆರ್ಸಿ ಸಿಟಿಯಲ್ಲಿ ಮುದಿವಯಸ್ಸಿನವರೆಗೂ ಕೆಲಸ ಮಾಡಿ 1950ರಲ್ಲಿ ಅವರು ಕಣ್ಮುಚ್ಚಿದರು.

ಈ ಕೋವಿಗಳ ಜೀವಾಳವೆಂದರೆ ಬೆರಳೆರಡು ಅಗಲದ ಒಂದು ಉಕ್ಕಿನ ತುಂಡು. ಇಲ್ಲಿ ಅದನ್ನು ಫಾಲ್ಸ್ ಮಝಲ್ ಎನ್ನುತ್ತಾರೆ, ಹುಸಿಮೂತಿ ಎನ್ನೋಣ. ಆಗಿನ ಪದ್ಧತಿಯಲ್ಲಿ ಮದ್ದು ತುಂಬಿದ ಹಿತ್ತಾಳೆಯ ತೋಟಾ ಹಿಂದಿನಿಂದ ಹೋಗುತ್ತಿತ್ತು. ಸೀಸದ ಗುಂಡು ಮಾತ್ರ ನಮ್ಮ ಕೇಪಿನ ಕೋವಿಯಲ್ಲಿರುವಂತೆ ಮೂತಿಯಿಂದ ಇಳಿಯುತ್ತಿತ್ತು. ಹಾಗೆ ಇಳಿಸಿದರೆ ಗುಂಡಿನ ಬುಡ ಹರಿಯದೆ ಚೊಕ್ಕಟವಾಗಿರುತ್ತದೆ. ಗುಂಡು ನೇರ ಹೋಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಬುಡದ ಮೇಲೆ ನಿಂತಿದೆ. ಆದರೆ ದಿನವೂ ಗುಂಡು ತುರುಕಿದರೆ ನಳಿಗೆಯ ಅಂಚೇ ಸವೆದುಹೋದೀತು. ಆದ್ದರಿಂದ ಕೆಲಸಗಾರ ನಳಿಗೆಯ ತುದಿಯನ್ನು ಮೊದಲೇ ಕತ್ತರಿಸಿ, ನಾಲ್ಕು ಸಣ್ಣ ಮೊಳೆಗಳಿಂದ ಅದೇ ಜಾಗಕ್ಕೆ ಮತ್ತೆ ಕೂರಿಸಿ, ಎರಡನ್ನೂ ಒಂದಾಗಿಯೇ ಕೊರೆಯುತ್ತಿದ್ದ. ಗೀರು ಒಂದರಿಂದ ಇನ್ನೊಂದಕ್ಕೆ ಎಲ್ಲೂ ಕಡಿಯದೆ ಹರಿಯುತ್ತದೆ. ಗುಂಡನ್ನು ಅದರ ಮೂಲಕ ಒತ್ತಿ, ಗಜದಿಂದ, ಅಂದರೆ ಗುಂಡು ತಳ್ಳುವ ಕೋಲಿನಿಂದ, ಕೆಳಗಿಳಿಸಿ, ತುಂಡನ್ನು ತೆಗೆದಿಟ್ಟು ಈಡು ಹೊಡೆಯಬೇಕು. ತೆಗೆಯಲು ಮರೆತವನಿಗೆ ಗುರಿ ಕಾಣದಂತೆ ಅದರ ಮೇಲೊಂದು ಗೂಟವನ್ನೂ ನಿಲ್ಲಿಸಿರುತ್ತಾರೆ. ನನ್ನ ಶೋಯೆನ್ ಕೋವಿಯ ಹುಸಿಮೂತಿಯನ್ನು ಕೂರಿಸಿ ಉಗುರಿನಿಂದ ಸವರಿದರೆ ಸೇರುವ ಗೆರೆ ತಾಗುವುದಿಲ್ಲ. ಯಂತ್ರಗಳು ಇಷ್ಟೊಂದು ಬೆಳೆದಿರುವ ಕಾಲದಲ್ಲಿ ಬದುಕುತ್ತಿರುವ ನನಗೆ ಆ ಕೈಚಳಕ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಒಂದು ನಳಿಗೆಯ ಹುಸಿಮೂತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಇದು ಗೊತ್ತಿದ್ದೂ ಎಂಟು ವರ್ಷಗಳ ಹಿಂದೆ ನಾನು ಪೋಪ್ ನಳಿಗೆಯ ಒಂದು ವಿಂಚೆಸ್ಟರ್ ಕೋವಿಯನ್ನು ಕೊಂಡೆ. ಉಳಿದ ಸಾಮಾನೆಲ್ಲ ಮರದ ಪೆಟ್ಟಿಗೆಯಲ್ಲಿದೆ, ಹಿಂದೆಯೇ ಕಳುಹಿಸುತ್ತೇನೆ ಎಂದು ಮಾರಿದವರು ಹೇಳಿದ್ದರು. ಪೆಟ್ಟಿಗೆ ಬಂತು, ಅದರಲ್ಲಿ ಗುಂಡಿನ ಅಚ್ಚು ಇತ್ತು, ಹುಸಿಮೂತಿ ಇರಲಿಲ್ಲ. ಮತ್ತೆ ಮತ್ತೆ ವಿಚಾರಿಸಿದ ಮೇಲೆ, ಅದನ್ನು ಬಿಡಿಯಾಗಿ ಬೇರೊಬ್ಬ ಸಂಗ್ರಾಹಕರಿಗೆ ಒಳ್ಳೆಯ ಬೆಲೆಗೆ ಕೊಟ್ಟಾಯಿತು, ಅವರ ವಿಳಾಸ ತಮ್ಮ ಬಳಿ ಇಲ್ಲ ಎಂದರು. ಹಣ ವಾಪಸು ಕೊಡಲು ಅವರು ಸಿದ್ಧರಿದ್ದರೂ ನಾನು ಒಪ್ಪಲಿಲ್ಲ; ಅಂಥವರ ಕೈಗೆ ಕೋವಿಯನ್ನು ಮತ್ತೆ ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ. ಆ ನಳಿಗೆಯ ಮೂತಿಯ ಮೇಲೆ ಇಂದಿಗೂ ನಾಲ್ಕು ಸಣ್ಣ ತೂತುಗಳು ಬಾಯಿ ತೆರೆದುಕೊಂಡಿವೆ. ಜೊತೆ ಮುರಿದು ಮಾರುವುದು ಈ ಹವ್ಯಾಸದಲ್ಲಿ ನಡೆಯುವ ಅತ್ಯಂತ ಕೆಟ್ಟ ಕೆಲಸ ಎಂದು ನಾನು ಯಾವ ಮುಲಾಜಿಲ್ಲದೆ ಹೇಳುತ್ತೇನೆ.

ಇದಕ್ಕೆ ಎರಡನೆಯದು ತಿಕ್ಕಿ ಹೊಳಪಿಸುವುದು. ನೂರು ವರ್ಷಗಳಲ್ಲಿ ಉಕ್ಕಿನ ಮೇಲೆ ಕೂತ ಕಂದು ಬಣ್ಣವನ್ನು ಕೆರೆದು ಹೊಸ ನೀಲಿ ಬಣ್ಣ ಕೊಟ್ಟರೆ ಅಕ್ಷರಗಳ ಅಂಚು ಮೊಂಡಾಗುವುದು ಮಾತ್ರವಲ್ಲ, ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವ ಸಾಕ್ಷಿಯೂ ಅಳಿಸಿಹೋಗುತ್ತದೆ. ಹೆಸರಾಂತ ಕೆಲಸಗಾರರ ಮುದ್ರೆಯನ್ನು ಸಾಮಾನ್ಯ ನಳಿಗೆಗೆ ಒತ್ತಿ ಮಾರುವವರಿದ್ದಾರೆ. ಅಂಥ ಕಡೆ ಭೂತಗನ್ನಡಿ ಹಿಡಿದು ಅಕ್ಷರದ ತಳವನ್ನು ನೋಡಬೇಕು. ಸುತ್ತಲೂ ಹಳೆಯ ಕಂದು ಇದ್ದು ತಳದಲ್ಲಿ ಮಾತ್ರ ಹೊಸ ಲೋಹ ಮಿನುಗಿದರೆ ಕೋವಿಯನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು ಬರುವುದು ಲೇಸು. ನಾನು ಇನ್ನೂ ಒಂದು ಕೆಲಸ ಮಾಡುತ್ತೇನೆ. ಮೆದು ಸೀಸದ ಗುಂಡೊಂದಕ್ಕೆ ಎಣ್ಣೆ ಸವರಿ ನಳಿಗೆಯೊಳಗೆ ಗಜದಿಂದ ನಿಧಾನವಾಗಿ ತಳ್ಳುತ್ತೇನೆ. ಒಳ್ಳೆಯ ಕೆಲಸಗಾರನ ನಳಿಗೆಯಲ್ಲಿ ಕೈಗೆ ಒಂದೇ ಹದದ ಬಿಗಿ ಉದ್ದಕ್ಕೂ ಸಿಗುತ್ತದೆ. ತುಕ್ಕು ತಿಂದಲ್ಲಿ ಗುಂಡು ಸಡಿಲವಾಗಿ ಜಾರುವುದು ಅಂಗೈಗೆ ತಿಳಿದುಬಿಡುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ಜರ್ಮನ್ ಹೆಸರಿನ ಕೂಟಗಳಿಗೆ ಹೋಗುವುದೇ ಅನುಮಾನಕ್ಕೆ ಕಾರಣವಾಗಿ ಈ ಆಟ ಬಹುತೇಕ ನಿಂತುಹೋಯಿತು. ಕೋವಿಗಳು ಅಟ್ಟ ಸೇರಿದವು. 1948ರಲ್ಲಿ ಹುಟ್ಟಿದ ಅಮೆರಿಕನ್ ಸಿಂಗಲ್ ಶಾಟ್ ರೈಫಲ್ ಅಸೋಸಿಯೇಷನ್ ಮತ್ತೆ ಅವುಗಳನ್ನು ಮೈದಾನಕ್ಕೆ ತಂದಿತು. 1898ರವರೆಗೆ ತಯಾರಾದ ಕೋವಿಗಳನ್ನು ಇಲ್ಲಿಯ 1968ರ ಕಾಯ್ದೆ ಪುರಾತನ ವಸ್ತುಗಳೆಂದು ಪರಿಗಣಿಸುವುದರಿಂದ ಬ್ಯಾಲಾರ್ಡ್‌ಗಳೆಲ್ಲ ಆ ಗುಂಪಿಗೆ ಸೇರುತ್ತವೆ. ನನ್ನ ಬ್ಯಾಲಾರ್ಡಿನ 32-40 ಎಂಬ ಅಳತೆಯ ತೋಟಾಕ್ಕೆ ನಾನು ಕರಿಮದ್ದನ್ನೇ ಹಾಕುತ್ತೇನೆ. ಹಳೆಯ ಬ್ಯಾಲಾರ್ಡ್ ಮೈಗಳಲ್ಲಿ ಎರಕ ಹೊಯ್ದವೂ ಇವೆ. ಈಗಿನ ಬಿರುಸಿನ ಮದ್ದನ್ನು ಅವು ತಾಳುವುದಿಲ್ಲ.

ಪೋಪ್ ನಳಿಗೆಯ ಹುಸಿಮೂತಿ ಯಾರದೋ ಮೇಜಿನ ಸೆಳೆಖಾನೆಯಲ್ಲಿ ಈಗಲೂ ಇದ್ದೇ ಇರುತ್ತದೆ. ಈ ದೇಶದಲ್ಲಿರುವ ಕನ್ನಡಿಗರಲ್ಲಿ ಹಳೆಯ ಸಾಮಾನಿನ ಸಂತೆಗಳಿಗೆ ಹೋಗುವವರು ಬಹಳ ಮಂದಿ ಇದ್ದೀರಿ. ಎಂಟು ಮೂಲೆಯ, ಎರಡು ಬೆರಳಗಲದ, ಕೆಳಗೆ ನಾಲ್ಕು ಮೊಳೆ ಮೇಲೊಂದು ಗೂಟ ಇರುವ ಉಕ್ಕಿನ ತುಂಡು ಕಣ್ಣಿಗೆ ಬಿದ್ದರೆ, ಅದರ ರಂಧ್ರದೊಳಗೆ ಬೆಳಕು ಬಿಟ್ಟು ನೋಡಿ. ಎಂಟು ಗೀರುಗಳು ಎಡಕ್ಕೆ ಸುತ್ತುತ್ತಿದ್ದರೆ ದಯವಿಟ್ಟು ಒಂದು ಚಿತ್ರ ತೆಗೆದು ನನಗೆ ಕಳುಹಿಸಿ. ಮೊಳೆಗಳ ನಡುವಿನ ಅಂತರವನ್ನು ಅಳೆದು ಬರೆದುಕೊಂಡ ಚೀಟಿಯನ್ನು ನಾನು ಆ ಮರದ ಪೆಟ್ಟಿಗೆಯಲ್ಲಿ, ಅಚ್ಚಿನ ಪಕ್ಕದಲ್ಲೇ ಇಟ್ಟಿದ್ದೇನೆ.